ಗುರುವಾರ ಸಿಕ್ಕಿಕೊಳ್ಳುವ ಚಕ್

ಬಿಗಿಯಾಗಿ ಕಚ್ಚಿಕೊಂಡದ್ದು ಏನೇ ಇರಲಿ, ಆ ಬೀದಿಯವರು ಮೊದಲು ಬಂದು ತಟ್ಟುತ್ತಿದ್ದದ್ದು ಲೇತಕ್ಕನ ಬಾಗಿಲನ್ನು. ಜೇನಿನ ಬಾಟಲಿಯ ಮುಚ್ಚಳ, ಊದಿದ ಬೆರಳಿನ ಉಂಗುರ, ತುಕ್ಕು ಹಿಡಿದ ನಲ್ಲಿ, ಒಂದರೊಳಗೊಂದು ಕೂತು ಹೊರಗೆ ಬರಲೊಲ್ಲೆ ಎಂದ ಸ್ಟೀಲ್ ಲೋಟಗಳು, ಎಲ್ಲವೂ ಅವಳ ಮುಂದೆ ಬಂದು ಶರಣಾಗುತ್ತಿದ್ದವು. ಅವಳು ವಸ್ತುವನ್ನು ಒಮ್ಮೆ ಸುತ್ತಲೂ ತಿರುಗಿಸಿ ನೋಡಿ, ಎಲ್ಲಿ ಕಚ್ಚಿದೆ ಎಂದು ಹೆಬ್ಬೆರಳಿನಿಂದ ತಡವಿ, ಒಂದು ಏಟು ಕೊಡುತ್ತಿದ್ದಳು. ಒಂದೇ ಏಟು. ಎರಡನೆಯದು ಬೇಕಾಯಿತೆಂದರೆ ಅಂದಿನ ಊಟ ಅವಳಿಗೆ ರುಚಿಸುತ್ತಿರಲಿಲ್ಲ.

ಹದಿನಾಲ್ಕನೆಯ ವಯಸ್ಸಿನಲ್ಲಿ ಅಪ್ಪನ ಲೇತಿನ, ಎಂದರೆ ಮರ ಕಡೆಯುವ ಯಂತ್ರದ, ಮುಂದೆ ನಿಂತವಳು ನಲವತ್ತೆಂಟು ತುಂಬಿದರೂ ಅಲ್ಲಿಂದ ಕದಲಿರಲಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮರದ ಹೊಟ್ಟು ಮೊಣಕಾಲುದ್ದ ಬಿದ್ದಿರುತ್ತಿತ್ತು. ಲಟ್ಟಣಿಗೆ, ಕುರ್ಚಿಯ ಕಾಲು, ತೊಟ್ಟಿಲಿನ ಕಂಬಿ, ಬಟ್ಟಲು, ಬುಗುರಿ ಎಲ್ಲವನ್ನೂ ಕಡೆಯುತ್ತಿದ್ದಳು. ಅವಳ ಮದುವೆ ಎರಡು ಸಲ ನಿಶ್ಚಯವಾಗಿ ಎರಡು ಸಲವೂ ಸಡಿಲಗೊಂಡಿತ್ತು. ಮೊದಲನೆಯವನಿಗೆ ಅವಳ ಅಂಗೈ ಒರಟು ಅನ್ನಿಸಿತು. ಎರಡನೆಯವನು ಮಾತನಾಡಲು ಮನೆಗೆ ಬಂದಿದ್ದಾಗ, ಅವನು ಕೂತ ಕುರ್ಚಿಯ ಕಾಲು ಅಲ್ಲಾಡುತ್ತಿದೆ ಎಂದು ಇವಳು ಅವನನ್ನು ಎಬ್ಬಿಸಿ ನಿಲ್ಲಿಸಿ, ಕುರ್ಚಿಯನ್ನು ಬೋರಲು ಹಾಕಿಕೊಂಡು ರಿಪೇರಿಗೆ ಕೂತುಬಿಟ್ಟಳು. ಕಾಲು ಗಟ್ಟಿಯಾಗುವ ಹೊತ್ತಿಗೆ ಆ ಪುಣ್ಯಾತ್ಮ ಬಸ್ಸು ಹತ್ತಿ ಆಗಿತ್ತು. ಇದನ್ನು ಹೇಳಿಕೊಂಡು ಅವಳೇ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದಳು.

ಜೊತೆಗಿದ್ದವಳು ಅಮ್ಮ. ಎಪ್ಪತ್ತನಾಲ್ಕು ವರ್ಷದ ಅಮ್ಮ ಶೆಡ್ಡಿನ ಕಿಟಕಿಯ ಪಕ್ಕ ಮಣೆ ಹಾಕಿಕೊಂಡು ಕೂತು ಬುಗುರಿಗಳಿಗೆ ಉಪ್ಪು ಕಾಗದ ತಿಕ್ಕುತ್ತಿದ್ದಳು. ಕೈ ತಿಕ್ಕುವಾಗ ಬಾಯಿಗೆ ಬಿಡುವು ಕೊಟ್ಟವಳಲ್ಲ.

ಗಡಿಯಾರದವರು ಅವರ ಬಾಳಿನೊಳಗೆ ಬಂದದ್ದು ಒಂದು ಗುರುವಾರ, ಸಂಜೆ ನಾಲ್ಕು ಗಂಟೆಗೆ. ಗುರುವಾರ ಲೇತಕ್ಕನ ಶೆಡ್ಡಿಗೆ ರಜೆ. ಎರಡು ಬೀದಿ ಆಚೆ ಕೈಗಡಿಯಾರ, ಗೋಡೆ ಗಡಿಯಾರ ರಿಪೇರಿ ಮಾಡುತ್ತಿದ್ದ ಅವರಿಗೆ ಐವತ್ತಮೂರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಹಳೆಯ ಗೋಡೆ ಗಡಿಯಾರಗಳಿಗೆ ಮರದ ದುಂಡು ಚೌಕಟ್ಟು ಮಾಡಿ ಹಾಕಬೇಕೆಂಬ ಆಸೆಯಿಂದ ಯಾರದೋ ಹಳೆಯ ಲೇತ್ ಒಂದನ್ನು ತಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಹಣೆಯ ಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಬಾಗಿಲಲ್ಲಿ ನಿಂತು, "ನಮ್ಮ ಚಕ್ ಸಿಕ್ಕಿಕೊಂಡುಬಿಟ್ಟಿದೆ. ನೀವು ಬಿಡಿಸ್ತೀರಂತೆ," ಎಂದರು.

ಚಕ್ ಎಂದರೆ ಲೇತಿನ ಕೈ ಎನ್ನಬಹುದು. ನಾಲ್ಕು ದವಡೆಗಳಿಂದ ಮರದ ತುಂಡನ್ನು ಕಚ್ಚಿ ಹಿಡಿಯುವ ಕಬ್ಬಿಣದ ಗುಂಡು ಅದು. ಮೋಟಾರಿನಿಂದ ತಿರುಗುವ ದಂಡಕ್ಕೆ ಅದನ್ನು ಮುಚ್ಚಳದ ಹಾಗೆ ತಿರುಗಿಸಿ ಕೂರಿಸಬೇಕು. ಕೂರಿಸುವುದೇನೋ ಸುಲಭ, ಬಿಚ್ಚುವಾಗ ತಾಳ್ಮೆಯ ಪರೀಕ್ಷೆ.

ಗಡಿಯಾರದವರ ಹಿಂದಿನ ಕೋಣೆಯಲ್ಲಿ ನಲವತ್ತು ಗಡಿಯಾರಗಳು ನಲವತ್ತು ಸಮಯ ತೋರಿಸುತ್ತ ಟಿಕ್ ಟಿಕ್ ಎನ್ನುತ್ತಿದ್ದವು. ಲೇತಕ್ಕ ಸುತ್ತಲೂ ನೋಡಿ ನಕ್ಕು ಕೆಲಸ ಶುರು ಮಾಡಿದಳು. ದಂಡಕ್ಕೆ ಸ್ಪ್ಯಾನರ್ ಕೊಟ್ಟು ಅಲ್ಲಾಡದಂತೆ ಹಿಡಿಯಲು ಅವರಿಗೆ ಹೇಳಿದಳು. ಚಕ್ಕಿನ ದವಡೆಗಳಿಗೆ ಮೊಳದುದ್ದದ ಗಟ್ಟಿ ಮರದ ಹಿಡಿಯೊಂದನ್ನು ಅಡ್ಡಲಾಗಿ ಕಚ್ಚಿಸಿದಳು. ಅದರ ಒಂದು ತುದಿ ಇವಳ ಕಡೆಗೆ, ಇನ್ನೊಂದು ಗೋಡೆಯ ಕಡೆಗೆ ಚಾಚಿತ್ತು. ತನ್ನ ಕಡೆಯ ತುದಿಗೆ ಮರದ ಕೊಡತಿಯಿಂದ ಮೇಲಿನಿಂದ ಒಂದು ಏಟು ಹಾಕಿದಳು. ಟಕ್ ಎಂದು ಚಕ್ ಸಡಿಲವಾಯಿತು.

"ಜೋರಾಗಿ ಅಲ್ಲ, ಚುರುಕಾಗಿ ಹೊಡೀಬೇಕು. ಜೋರು ಮಾಡಿದ್ರೆ ಮೆಷಿನ್ ಮುರಿಯುತ್ತೆ," ಎಂದಳು. "ಅರ್ಧ ತಿರುಗಿಸಿ ಬಿಟ್ಟು ಮೋಟಾರ್ ಹಾಕಿದ್ರಾ?"

"ಹಾಕಿದೆ."

"ಅದಕ್ಕೇ. ದಂಡ ಓಡುತ್ತೆ, ಚಕ್ ಹಿಂದೆ ಉಳಿಯುತ್ತೆ, ಒಂದೇ ಸಲ ಹೋಗಿ ಬುಡಕ್ಕೆ ಅಪ್ಪಳಿಸುತ್ತೆ. ಕೈಯಲ್ಲೇ ಪೂರ್ತಿ ಕೂರಿಸಿ ಆಮೇಲೆ ಮೋಟಾರ್ ಹಾಕಿ. ಥ್ರೆಡ್‌ನಲ್ಲಿ ಅಂದ್ರೆ ಈ ತಿರುಪಿನ ಗೆರೆಗಳಲ್ಲಿ ಹೊಟ್ಟು ಇರಬಾರದು. ಹಲ್ಲುಜ್ಜೋ ಹಳೇ ಬ್ರಷ್‌ನಲ್ಲಿ ತಿಕ್ಕಿ, ಸ್ವಲ್ಪ ಮೇಣ ಸವರಿ. ತಿಳೀತಾ?"

"ಚೆನ್ನಾಗಿ ತಿಳೀತು," ಎಂದರು ಗಡಿಯಾರದವರು. ಅವರು ಚಕ್ಕಿನ ಕಡೆ ನೋಡುತ್ತಿರಲಿಲ್ಲ. ಆಮೇಲೆ ಸ್ಟವ್ ಹಚ್ಚಿ ಟೀ ಮಾಡಿಕೊಟ್ಟರು. ಟೀ ಸೊಗಸಾಗಿತ್ತು.

ಮುಂದಿನ ಗುರುವಾರ ನಾಲ್ಕು ಗಂಟೆಗೆ ಮತ್ತೆ ಬಂದರು. ಈ ಸಲ ಮರವನ್ನು ಚುಚ್ಚಿ ಹಿಡಿಯುವ ಮೊನೆ ದಂಡದ ತೂತಿನೊಳಗೆ ಕಚ್ಚಿಕೊಂಡಿತ್ತು. ಲೇತಕ್ಕ ದಂಡದ ಹಿಂದಿನ ತೂತಿನಿಂದ ಸರಳು ತೂರಿಸಿ ಒಂದು ಏಟು ಹಾಕಿದಳು, ಮೊನೆ ಅಂಗೈಗೆ ಬಂದು ಬಿತ್ತು. "ಹಾಕೋ ಮುಂಚೆ ಒಳಗೂ ಹೊರಗೂ ಬಟ್ಟೇಲಿ ಒರೆಸಿ," ಎಂದಳು. ಟೀ ಕುಡಿದಳು. ಮೂರನೆಯ ಗುರುವಾರ ಬಟ್ಟಲು ಕಡೆಯಲು ಸಿಕ್ಕಿಸುವ ತಟ್ಟೆ ಕಚ್ಚಿತು. ನಾಲ್ಕನೆಯದಕ್ಕೆ ಪುನಃ ಚಕ್. ಹೀಗೆ ಒಂದಾದ ಮೇಲೊಂದು ಸಿಕ್ಕಿಕೊಳ್ಳುತ್ತ ಹೋದವು. ಟೀ ಜೊತೆಗೆ ಬಿಸ್ಕತ್ತು ಬಂತು, ಬಿಸ್ಕತ್ತಿನ ಜೊತೆಗೆ ಹೊಸ ಕಪ್ಪು ಬಸಿ ಬಂದವು, ಅವುಗಳ ಹಿಂದೆಯೇ ಕೂರಲು ಒಂದು ಮೆತ್ತೆ ಬಂತು. ಲೇತಕ್ಕನಿಗೆ ಇದರಲ್ಲಿ ಯಾವ ಅನುಮಾನವೂ ಹುಟ್ಟಲಿಲ್ಲ. ಕಬ್ಬಿಣದ ಮನಸ್ಸು ಬಲ್ಲವಳಿಗೆ ಮನುಷ್ಯರದು ಗೊತ್ತಾಗಬೇಕೆಂದು ಎಲ್ಲಿ ಬರೆದಿದೆ.

ಅಮ್ಮನಿಗೆ ಅನುಮಾನ ಹುಟ್ಟಿತು. "ಗುರುವಾರ ಗುರುವಾರ ನೋಡ್ಕೊಂಡು ಸಿಕ್ಕಿಕೊಳ್ಳೋ ಮೆಷಿನ್ ನಾನಂತೂ ಕಂಡಿಲ್ಲ," ಎಂದಳು ಒಂದು ದಿನ, ಬುಗುರಿ ತಿಕ್ಕುತ್ತ. "ಇನ್ನೊಂದು ಗಮನಿಸಿದ್ಯಾ? ಹಾಲಿನವನು ನಿನ್ನನ್ನ ಅಕ್ಕ ಅಂತಾನೆ. ಪೋಸ್ಟಿನವರು ಅಕ್ಕ ಅಂತಾರೆ. ಅರವತ್ತು ವರ್ಷದ ಆ ಮರದ ಡಿಪೋ ಯಜಮಾನನೂ ಅಕ್ಕ ಅಂತಾನೆ. ಗಡಿಯಾರದವರ ಬಾಯಲ್ಲಿ ಆ ಮಾತು ಬಂದಿದ್ದು ಕೇಳಿದ್ಯಾ?"

"ಏನಂತಾರೆ ಮತ್ತೆ?"

"ಏನೂ ಅನ್ನಲ್ಲ. ಕೆಮ್ಮುತ್ತಾರೆ."

ಲೇತಕ್ಕ ನಕ್ಕು, ಅವರಿಗೆ ಶೀತ ಇರಬಹುದು ಎಂದಳು. ಆದರೆ ಗುರುವಾರ ಬೆಳಿಗ್ಗೆ ತಲೆಯಿಂದ ಹೊಟ್ಟು ತೆಗೆಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಅದನ್ನೂ ಅಮ್ಮನೇ ಗಮನಿಸಿದಳು.

ಹನ್ನೊಂದನೆಯ ಗುರುವಾರ ಲೇತಕ್ಕನ ವೃತ್ತಿಯ ಅಭಿಮಾನ ಕೆರಳಿತು. ಇಷ್ಟು ಸಲ ಹೇಳಿಕೊಟ್ಟರೂ ಒಬ್ಬ ಮನುಷ್ಯ ಅದೇ ತಪ್ಪು ಮಾಡುತ್ತಾನೆಂದರೆ ಹೇಳಿಕೊಟ್ಟವಳ ಮಾನವೇನಾಗಬೇಕು. ಐಸ್‌ಕ್ರೀಮ್ ಡಬ್ಬಿಯ ಪ್ಲಾಸ್ಟಿಕ್ ಮುಚ್ಚಳವನ್ನು ಕತ್ತರಿಸಿ, ನಡುವೆ ದಂಡ ಹಿಡಿಸುವಷ್ಟು ತೂತು ಮಾಡಿ, ಒಂದು ತೆಳುವಾದ ವಾಷರ್ ತಯಾರಿಸಿದಳು. ಅದನ್ನು ದಂಡದ ಬುಡಕ್ಕೆ ತೂರಿಸಿ, ಅದರ ಮೇಲೆ ಚಕ್ ಕೂರಿಸಿದಳು.

"ಕಬ್ಬಿಣಕ್ಕೆ ಕಬ್ಬಿಣ ಸೋಕಿದ್ರೆ ತಾನೇ ಕಚ್ಚಿಕೊಳ್ಳೋದು. ನಡುವೆ ಇದೊಂದು ಇದ್ರೆ ಜನ್ಮದಲ್ಲಿ ಸಿಕ್ಕಿಕೊಳ್ಳಲ್ಲ," ಎಂದಳು. "ನಿಮಗೆ ಇನ್ನು ನನ್ನ ಕಾಟ ಇಲ್ಲ ಅನ್ಕೊಳ್ಳಿ." ಇರಲಿ ಎಂದು ಇನ್ನೂ ಐದು ವಾಷರ್ ಕತ್ತರಿಸಿ ಕೈಗಿಟ್ಟಳು.

ಗಡಿಯಾರದವರು ಅವನ್ನು ಒಂದೊಂದಾಗಿ ನೋಡಿ ಅಂಗಿಯ ಜೇಬಿಗೆ ಹಾಕಿಕೊಂಡರು. "ಒಳ್ಳೇದಾಯ್ತು," ಎಂದು ಕೆಮ್ಮಿದರು. ಅಂದು ಟೀಗೆ ಸಕ್ಕರೆ ಹಾಕುವುದನ್ನೇ ಮರೆತಿದ್ದರು.

ಲೇತಕ್ಕ ಗೆದ್ದವಳ ಹಾಗೆ ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದಳು. ಅಮ್ಮ ಬುಗುರಿಯನ್ನು ಕೆಳಗಿಟ್ಟು ಹಣೆ ಚಚ್ಚಿಕೊಂಡಳು. "ನಿನ್ನ ಕಾಲ ಮೇಲೆ ನೀನೇ ಕಲ್ಲು ಹಾಕ್ಕೊಂಡು ಬಂದೆಯಲ್ಲೇ, ತಾಯಿ. ಒಂದಲ್ಲ, ಆರು ಕಲ್ಲು."

ಮುಂದಿನ ಗುರುವಾರ ನಾಲ್ಕು ಗಂಟೆಗೆ ಯಾರೂ ಬರಲಿಲ್ಲ. ಲೇತಕ್ಕ ಉಳಿಗಳನ್ನೆಲ್ಲ ಮಸೆದಳು. ಅದರ ಮುಂದಿನ ಗುರುವಾರವೂ ಬರಲಿಲ್ಲ. ಮಸೆದ ಉಳಿಗಳನ್ನೇ ಮತ್ತೆ ಮಸೆದಳು. ಅಮ್ಮ ಕಿಟಕಿಯ ಪಕ್ಕ ಕೂತು ಅವಳು ಮಸೆದ ಉಳಿಗಳನ್ನು ಎಣಿಸಿದಳು, ಅದೇ ದೊಡ್ಡ ಶಿಕ್ಷೆಯಾಗಿತ್ತು.

ಮೂರನೆಯ ವಾರದ ಸೋಮವಾರ, ಲಟ್ಟಣಿಗೆ ಕಡೆಯುತ್ತ ನಿಂತಿದ್ದಾಗ, ಅವಳಿಗೆ ಇದ್ದಕ್ಕಿದ್ದಂತೆ ಒಂದು ಮಾತು ಹೊಳೆಯಿತು. ಆ ಮನುಷ್ಯ ಎಳ್ಳಿನ ಕಾಳಿನಷ್ಟು ತಿರುಪುಗಳನ್ನು ಚಿಮಟದಲ್ಲಿ ಹಿಡಿದು, ಉಸಿರು ತಾಗದಂತೆ ಕೂರಿಸುವವರು. ಯಾವ ತಿರುಪು ಎಷ್ಟು ಬಿಗಿಯಬೇಕೆಂದು ಬೆರಳ ತುದಿಯಲ್ಲಿ ಬಲ್ಲವರು. ಅಂಥವರಿಗೆ ಬೋಗುಣಿಯಷ್ಟು ದೊಡ್ಡ ಚಕ್ ಒಂದನ್ನು ಸರಿಯಾಗಿ ಕೂರಿಸಲು ಹನ್ನೊಂದು ವಾರದಲ್ಲಿ ಬರಲಿಲ್ಲವೇ. ಲೇತಕ್ಕನ ಕಿವಿ ಬಿಸಿಯಾಯಿತು. ನಗು ಎಲ್ಲಿಂದಲೋ ಕಿತ್ತುಕೊಂಡು ಬಂತು, ತಡೆಯಲು ಹೋದರೆ ಮೂಗಿನಿಂದ ಬಂತು. ಕೈ ಮಾತ್ರ ಉಳಿ ಒತ್ತುತ್ತಲೇ ಇತ್ತು. ನೋಡಿದರೆ ಲಟ್ಟಣಿಗೆ ಪೆನ್ಸಿಲ್ಲಿನಷ್ಟು ಸಣ್ಣಗಾಗಿತ್ತು.

"ಅದರಲ್ಲಿ ಯಾರಿಗೆ ಲಟ್ಟಿಸ್ತೀಯಾ, ಇರುವೆಗಳಿಗಾ?" ಎಂದಳು ಅಮ್ಮ.

ಮಂಗಳವಾರ ಅಮ್ಮ ತನ್ನ ಅಲಾರಂ ಗಡಿಯಾರ ಕೆಟ್ಟಿದೆ ಎಂದು ಅದನ್ನು ಚೀಲದಲ್ಲಿಟ್ಟುಕೊಂಡು ಗಡಿಯಾರದವರ ಅಂಗಡಿಗೆ ಹೋದಳು. ಕೆಟ್ಟಿರಲಿಲ್ಲ, ದಾರಿಯುದ್ದಕ್ಕೂ ಚೀಲದೊಳಗೆ ಬಾರಿಸುತ್ತಲೇ ಇತ್ತು. ವಾಪಸ್ಸು ಬಂದವಳ ಮುಖದಲ್ಲಿ ನಗು ಇರಲಿಲ್ಲ.

"ಅಂಗಡಿ ಬಾಗಿಲಿಗೆ ಒಂದು ರಟ್ಟು ನೇತು ಹಾಕಿದ್ದಾರೆ. 'ಲೇತ್ ಮಾರಾಟಕ್ಕಿದೆ. ಚೆನ್ನಾಗಿದೆ. ಏನೂ ಸಿಕ್ಕಿಕೊಳ್ಳುವುದಿಲ್ಲ.' ಶುಕ್ರವಾರ ಬೆಳಿಗ್ಗೆ ಯಾರೋ ಬಂದು ಹೊತ್ತುಕೊಂಡು ಹೋಗ್ತಾರಂತೆ. ಯಾಕೆ ಮಾರ್ತೀರಿ ಅಂದೆ. 'ಸುಮ್ನೆ ಜಾಗ ತಿನ್ನುತ್ತೆ, ಅಮ್ಮ' ಅಂದ್ರು."

ಲೇತಕ್ಕ ಲೆಕ್ಕ ಹಾಕಿದಳು. ಲೇತ್ ಹೋದರೆ ಆ ಹಿಂದಿನ ಕೋಣೆ ಹೋಯಿತು, ಮೆತ್ತೆ ಹೋಯಿತು, ನಲವತ್ತು ಗಡಿಯಾರದ ನಡುವಿನ ಆ ಒಂದು ಗಂಟೆ ಹೋಯಿತು. ತಾನಾಗಿ ಹೋಗಿ "ಬಂದೆ" ಎನ್ನಲು ಅವಳಿಗೆ ಬಾಯಿಲ್ಲ, ಬಂದು "ಬನ್ನಿ" ಎನ್ನಲು ಅವರಿಗೆ ಕೆಮ್ಮು. ಅವರಿಬ್ಬರ ನಡುವೆ ಇದ್ದ ಮಾತೆಂದರೆ ಒಂದು ಸಿಕ್ಕಿಕೊಂಡ ಚಕ್, ಅಷ್ಟೇ. ಅದರ ಬಾಯನ್ನೂ ತಾನೇ ಮುಚ್ಚಿಸಿ ಬಂದಿದ್ದಳು.

ಗುರುವಾರ ಸಂಜೆ ಮೂರೂವರೆಗೆ ಲೇತಕ್ಕ ಶೆಡ್ಡಿನ ಬಾಗಿಲು ಹಾಕಿಕೊಂಡಳು. ತನ್ನ ಲೇತಿನ ಚಕ್ ಬಿಚ್ಚಿದಳು. ಅದರ ಹಿಂದಿನ ವಾಷರ್ ತೆಗೆದು ಅಂಗಿಯ ಜೇಬಿಗೆ ತುರುಕಿದಳು. ಥ್ರೆಡ್‌ನ ಮೇಣವನ್ನು ಬಟ್ಟೆಯಿಂದ ಚೊಕ್ಕವಾಗಿ ಒರೆಸಿದಳು, ಸಾಲದ್ದಕ್ಕೆ ಒಂದು ಚಿಟಿಕೆ ಮರದ ಹೊಟ್ಟು ಉದುರಿಸಿದಳು. ಚಕ್ಕನ್ನು ಅರ್ಧಕ್ಕೇ ತಿರುಗಿಸಿ ಬಿಟ್ಟು, ಎರಡು ಹೆಜ್ಜೆ ದೂರ ನಿಂತು, ಗೋಡೆಯ ಮೇಲಿನ ಅಪ್ಪನ ಫೋಟೋದ ಕಡೆ ಬೆನ್ನು ಮಾಡಿ, ಮೋಟಾರಿನ ಸ್ವಿಚ್ ಒತ್ತಿದಳು.

ಠಣ್ ಎಂದು ಸದ್ದಾಯಿತು. ಮೂವತ್ತನಾಲ್ಕು ವರ್ಷದಲ್ಲಿ ಆ ಲೇತ್ ಅಂಥ ಸದ್ದು ಮಾಡಿರಲಿಲ್ಲ. ಮೋಟಾರ್ ನಿಲ್ಲಿಸಿ, ಕೈ ಹಾಕಿ ತಿರುಗಿಸಿ ನೋಡಿದಳು. ಬಂಡೆಯ ಹಾಗೆ ಕೂತಿತ್ತು. ಲೇತಕ್ಕನಿಗೆ ಒಮ್ಮೆ ಕುಣಿಯಬೇಕು ಅನ್ನಿಸಿತು. ಶೆಡ್ಡಿನಲ್ಲಿ ಯಾರೂ ಇಲ್ಲವೆಂದು ನೋಡಿಕೊಂಡು ನಿಜವಾಗಿಯೂ ಎರಡು ಸುತ್ತು ಕುಣಿದಳು. ಅಮ್ಮ ಕಿಟಕಿಯ ಆಚೆ ನಿಂತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ಆಮೇಲೆ ಗಡಿಯಾರದವರಿಗೆ ಫೋನ್ ಮಾಡಿದಳು. "ನಮ್ಮ ಚಕ್ ಸಿಕ್ಕಿಕೊಂಡಿದೆ."

ಆ ಕಡೆ ಗಡಿಯಾರಗಳ ಸದ್ದು ಕೇಳಿಸಿತು. "ನಿಮ್ದಾ?" ಎಂದರು ಅವರು.

"ನಂದೇ."

"ವಾಷರ್ ಹಾಕಿರಲಿಲ್ವಾ?"

"ಮರ್ತೋಯ್ತು."

"ಮೂವತ್ತನಾಲ್ಕು ವರ್ಷದಲ್ಲಿ?"

"ಇವತ್ತೇ ಮೊದಲು," ಎಂದಳು ಲೇತಕ್ಕ. "ಸ್ವಲ್ಪ ಬಂದು ಬಿಡಿಸಿಕೊಡ್ತೀರಾ?"

ಎರಡು ಬೀದಿಯ ದಾರಿಯನ್ನು ಗಡಿಯಾರದವರು ಹೇಗೆ ದಾಟಿದರೋ, ಫೋನ್ ಇಟ್ಟು ನಾಲ್ಕು ನಿಮಿಷಕ್ಕೆ ಬಾಗಿಲಲ್ಲಿದ್ದರು. ಅಂಗಡಿಗೆ ಬೀಗ ಹಾಕಿರಲಿಲ್ಲ. ಭೂತಗನ್ನಡಿ ಹಣೆಯಿಂದ ಜಾರಿ ಕಿವಿಯ ಮೇಲೆ ಕೂತಿತ್ತು. ಕೈಯಲ್ಲಿ ಗಡಿಯಾರ ರಿಪೇರಿಯ ಪುಟಾಣಿ ಸುತ್ತಿಗೆ, ಬೆರಳಿನಷ್ಟು ಉದ್ದ.

"ಇದರಲ್ಲಿ ಆಗಲ್ಲ," ಎಂದು ಲೇತಕ್ಕ ತನ್ನ ಕೊಡತಿ ಕೊಟ್ಟಳು. ಅಮ್ಮನಿಗೆ ಸ್ಪ್ಯಾನರ್ ಹಿಡಿಯುವ ಕೆಲಸ. ಚಕ್ಕಿಗೆ ಮರದ ಹಿಡಿ ಕಚ್ಚಿಸಿ ಲೇತಕ್ಕ ತನ್ನ ಜಾಗದಲ್ಲಿ ನಿಂತಳು. ಗಡಿಯಾರದವರು ಸೀದಾ ಲೇತಿನ ಆಚೆ ಕಡೆಗೆ, ಗೋಡೆ ಮತ್ತು ಮೆಷಿನ್ ನಡುವಿನ ಇಕ್ಕಟ್ಟಿಗೆ ತೂರಿಕೊಂಡು ಹೋಗಿ ನಿಂತರು. ಅಲ್ಲಿಂದ ಅವಳ ಮುಖ ಚೆನ್ನಾಗಿ ಕಾಣುತ್ತಿತ್ತು. ಆ ಮುಖವನ್ನೇ ನೋಡುತ್ತ ಕೊಡತಿ ಎತ್ತಿ, ತಮ್ಮ ಕಡೆಯ ತುದಿಗೆ ಮೇಲಿನಿಂದ ಒಂದು ಏಟು ಹಾಕಿದರು. ಚುರುಕಾದ ಏಟು, ಹೇಳಿಕೊಟ್ಟಂತೆಯೇ.

ಚಕ್ ಕಿರ್ ಎಂದು ಇನ್ನೂ ಒಳಗೆ ಹೋಗಿ ಕೂತಿತು.

ಆಚೆ ನಿಂತು ಕೆಳಕ್ಕೆ ಹೊಡೆದರೆ ಚಕ್ ಕೀ ಕೊಡುವ ದಿಕ್ಕಿಗೆ ತಿರುಗುತ್ತದೆ, ಎಂದರೆ ಬಿಗಿಯಾಗುತ್ತದೆ. ಬಿಡಬೇಕಾದರೆ ಈಚೆ ಕಡೆಯಿಂದ ಹೊಡೆಯಬೇಕು. ದಿನಕ್ಕೆ ನೂರು ಸಲ ಕೀ ಕೊಡುವ ಮನುಷ್ಯನಿಗೆ ಅದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಹೇಳಬೇಕಾದ ಲೇತಕ್ಕ ಬೇರೆ ಏನನ್ನೋ ನೋಡುತ್ತಿದ್ದಳು. ಮೂರು ಏಟು ಬಿದ್ದ ಮೇಲೆ ಅವಳಿಗೆ ಎಚ್ಚರವಾಯಿತು. ಕೈ ಹಾಕಿ ನೋಡಿದಳು. ಇದು ಇನ್ನು ನಾಟಕವಾಗಿ ಉಳಿದಿರಲಿಲ್ಲ. ಈಚೆಯಿಂದ ತಾನೇ ಹೊಡೆದಳು, ಒಂದಲ್ಲ ಆರು ಏಟು. ಅಲ್ಲಾಡಲಿಲ್ಲ.

"ಎಣ್ಣೆ ಬಿಡಬೇಕು," ಎಂದಳು, ಮುಖ ಒರೆಸಿಕೊಳ್ಳುತ್ತ. "ಒಳಗೆ ಇಳಿಯೋಕೆ ಒಂದು ಗಂಟೆ ಬೇಕು."

"ಒಂದು ಗಂಟೆ ಇರ್ತೀನಿ," ಎಂದರು ಗಡಿಯಾರದವರು ತಕ್ಷಣ.

ಎಣ್ಣೆ ಬಿಟ್ಟದ್ದಾಯಿತು. ಕೈ ಒರೆಸಲು ಲೇತಕ್ಕ ಜೇಬಿನಿಂದ ಬಟ್ಟೆ ಎಳೆದಳು. ಅದರ ಜೊತೆಗೆ ವಾಷರ್ ಹೊರಬಿದ್ದು, ನೆಲದ ಮೇಲೆ ದುಂಡಗೆ ಉರುಳಿಕೊಂಡು ಹೋಗಿ, ಗಡಿಯಾರದವರ ಚಪ್ಪಲಿಗೆ ತಾಗಿ ಮಲಗಿತು. ಮೂವರೂ ಅದನ್ನು ನೋಡಿದರು.

ಗಡಿಯಾರದವರು ಬಗ್ಗಿ ಎತ್ತಿಕೊಂಡರು. ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿ, ಹಾಳಾದ ಗಡಿಯಾರದ ಚಕ್ರ ನೋಡುವಂತೆ ಅದನ್ನು ಅತ್ತಿತ್ತ ತಿರುಗಿಸಿ ನೋಡಿದರು. "ಇದು ಮರೆತುಹೋದ ವಾಷರ್ ಥರ ಕಾಣಲ್ಲ," ಎಂದರು. ಆಮೇಲೆ ತಮ್ಮ ಜೇಬಿಗೆ ಕೈ ಹಾಕಿ, ಅವಳು ಕೊಟ್ಟಿದ್ದ ಐದು ವಾಷರ್‌ಗಳನ್ನೂ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಜೇಬಿನಲ್ಲೇ ಇದ್ದು ಇದ್ದು ಅವುಗಳ ಅಂಚು ನುಣುಪಾಗಿತ್ತು.

"ಮೊದಲ್ನೇ ಸಲ ನಿಜವಾಗ್ಲೂ ಸಿಕ್ಕಿಕೊಂಡಿತ್ತು," ಎಂದರು. "ಆಮೇಲಿನ ಹತ್ತು ಸಲ ನಾನೇ. ಸುಲಭ ಇರಲಿಲ್ಲ. ಕೆಲವು ಗುರುವಾರ ಬೆಳಿಗ್ಗೆ ಎಂಟಕ್ಕೇ ಶುರು ಮಾಡಿದ್ರೂ ಸಿಕ್ಕಿಕೊಳ್ಳೋ ಹೊತ್ತಿಗೆ ಮೂರೂವರೆ ಆಗೋದು."

ಲೇತಕ್ಕ ನಕ್ಕಳು. ನಕ್ಕೂ ನಕ್ಕೂ ಲೇತಿನ ಮೇಲೆ ಒರಗಿಕೊಂಡಳು, ಕಣ್ಣಲ್ಲಿ ನೀರು ಬಂತು. "ನಂಗೆ ಐದು ನಿಮಿಷ ಸಾಕಾಯ್ತು," ಎಂದಳು.

"ನೀವು ಕೆಲಸ ಬಲ್ಲವರು," ಎಂದರು ಅವರು, ತುಂಬ ಗೌರವದಿಂದ.

ಮಾತು ಮುಂದುವರಿಯುತ್ತಲೇ ಇದ್ದಾಗ, "ಗಂಟೆ ಆಯ್ತು," ಎಂದಳು ಅಮ್ಮ. ಆಗಿರಲಿಲ್ಲ, ಇನ್ನೂ ಇಪ್ಪತ್ತು ನಿಮಿಷ ಬಾಕಿ ಇತ್ತು. ಗಡಿಯಾರದವರೂ ಅದನ್ನು ಗಮನಿಸಲಿಲ್ಲ ಎಂದ ಮೇಲೆ ಅವರ ಸ್ಥಿತಿ ಹೇಗಿತ್ತು ನೀವೇ ಊಹಿಸಿ. ಅಮ್ಮ ಸ್ಪ್ಯಾನರ್ ಗಟ್ಟಿಯಾಗಿ ಹಿಡಿದುಕೊಂಡಳು. "ಆ ಕಡೆ ಎದುರು ನಿಂತು ಹೊಡೆದಿದ್ದು ಸಾಕು. ಈ ಕಡೆ ಬನ್ನಿ, ಅವಳ ಪಕ್ಕ ನಿಲ್ಲಿ. ಕೊಡತಿ ಇಬ್ರೂ ಹಿಡ್ಕೊಳ್ಳಿ. ನಂಗೆ ವಯಸ್ಸಾಯ್ತು, ಒಂದೇ ಏಟಿಗೆ ಮುಗಿಸಿ."

ಗಡಿಯಾರದವರು ಇಕ್ಕಟ್ಟಿನಿಂದ ಹೊರಬಂದು ಪಕ್ಕ ನಿಂತರು. ಒಂದು ಕೊಡತಿಯ ಹಿಡಿಯ ಮೇಲೆ ನಾಲ್ಕು ಕೈ ಕೂತವು. ಒರಟಾದ ಎರಡು, ನಯವಾದ ಎರಡು. ಇಬ್ಬರೂ ಒಟ್ಟಿಗೆ ಎತ್ತಿ ಒಟ್ಟಿಗೆ ಹೊಡೆದರು.

ಟಕ್ ಎಂದಿತು. ಚಕ್ ಬಿಟ್ಟಿತು.

ಲೇತಕ್ಕ ಅದನ್ನು ತಿರುಗಿಸಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಳು. ಈಗ ಬಿಟ್ಟಿತಲ್ಲ, ಮುಂದೇನು ಎಂಬ ಹೆದರಿಕೆ ಒಂದು ಕ್ಷಣ ಅವಳನ್ನು ಹಿಡಿಯಿತು. ಗಡಿಯಾರದವರು ಭೂತಗನ್ನಡಿ ತೆಗೆದು ಜೇಬಿಗಿಟ್ಟರು, ಮತ್ತೆ ಹೊರತೆಗೆದರು.

ಅಮ್ಮ ಸ್ಪ್ಯಾನರ್ ಕೆಳಗಿಟ್ಟು ಕೈ ಜಾಡಿಸಿದಳು. "ಕೆಲಸ ಆಯ್ತು. ಈಗ ಎಲ್ಲರ ಹಾಗೆ 'ಬರ್ತೀನಿ ಅಕ್ಕ' ಅಂತ ಹೇಳಿ ಹೊರಡಿ ಮತ್ತೆ."

ಗಡಿಯಾರದವರು ಕೆಮ್ಮಲಿಲ್ಲ. "ಅದೊಂದು ಮಾತು ಮಾತ್ರ ನನ್ನ ಬಾಯಲ್ಲಿ ಬರಲ್ಲ, ಅಮ್ಮ," ಎಂದರು. "ಮೊದಲ್ನೇ ಗುರುವಾರದಿಂದ ಬಂದಿಲ್ಲ. ಇನ್ನು ಮೇಲೂ ಬರಲ್ಲ."

ಲೇತಕ್ಕ ಅವರ ಅಂಗೈ ಮೇಲಿನ ವಾಷರ್‌ಗಳಲ್ಲಿ ಒಂದನ್ನು ತೆಗೆದುಕೊಂಡು ದಂಡದ ಬುಡಕ್ಕೆ ತೂರಿಸಿ, ಅದರ ಮೇಲೆ ಚಕ್ ಕೂರಿಸಿದಳು. ಸರಿಯಾಗಿ ಕೂತಿತು. "ಹಾಗಿದ್ರೆ ಆ ರಟ್ಟು ತೆಗೆದುಬಿಡಿ," ಎಂದಳು. "ಇವತ್ತೇ."

ಶುಕ್ರವಾರ ಲೇತ್ ಹೊರಲು ಬಂದವನು ಬರಿಗೈಯಲ್ಲಿ ಹೋದ. ಮುಂದಿನ ಗುರುವಾರ ಸಂಜೆ ನಾಲ್ಕಕ್ಕೆ ಅದು ಕೈಗಾಡಿಯ ಮೇಲೆ ಲೇತಕ್ಕನ ಶೆಡ್ಡಿಗೆ ಬಂತು, ಜೊತೆಗೆ ಒಂದು ಮೆತ್ತೆ, ಎರಡು ಕಪ್ಪು ಬಸಿ. ಎಲ್ಲಿ ಇಡುವುದು ಎಂದು ಚರ್ಚೆಯಾಯಿತು. ಗಡಿಯಾರದವರು ಎದುರುಬದುರಾಗಿ ಇಡೋಣ ಎಂದರು, ಮುಖ ಕಾಣುತ್ತದೆ ಎಂಬ ಆಸೆ. ಅಮ್ಮ ಒಪ್ಪಲಿಲ್ಲ, ಎರಡು ಲೇತ್‌ಗಳನ್ನೂ ಪಕ್ಕಪಕ್ಕದಲ್ಲಿ ಇಡಿಸಿದಳು.